ಉಗ್ಗಿದರೂ ಮಾತಾಡಿ: ಕೆಲವು ತಪ್ಪು ಕಲ್ಪನೆ, ಕೆಲವು ವಾಸ್ತವ

ಹಾಜರಿ ಕರೆಯುವಾಗ ‘ಎಸ್ ಸಾರ್’ ಅನ್ನಲಾಗದೆ ಬರೀ ಕೈ ಎತ್ತುವ ಹುಡುಗ ಹೆಚ್ಚುಕಡಿಮೆ ಎಲ್ಲ ಶಾಲೆಗಳಲ್ಲೂ ಇರುತ್ತಾನೆ. ಉತ್ತರ ಗೊತ್ತಿದ್ದೂ ‘ಗೊತ್ತಿಲ್ಲ ಮಿಸ್’ ಎಂದು ಕೂತುಬಿಡುವ ಹುಡುಗಿಯೂ ಇರುತ್ತಾಳೆ. ಜನಸಂಖ್ಯೆಯಲ್ಲಿ ನೂರಕ್ಕೆ ಸುಮಾರು ಒಬ್ಬರಿಗೆ ಉಗ್ಗು ಇದೆ ಎಂಬುದು ಜಗತ್ತಿನ ಬಹುತೇಕ ಕಡೆ ಒಪ್ಪಿಕೊಂಡಿರುವ ಅಂದಾಜು. 2011ರ ಜನಗಣತಿಯಂತೆ ಕರ್ನಾಟಕದ ಜನಸಂಖ್ಯೆ 6.11 ಕೋಟಿ. ಆ ಲೆಕ್ಕ ಹಿಡಿದರೆ ನಮ್ಮ ರಾಜ್ಯವೊಂದರಲ್ಲೇ ಆರು ಲಕ್ಷ ಜನ. ಇಷ್ಟು ಜನರಿದ್ದರೂ ಅವರ ವಿಷಯ ಎಲ್ಲೂ ಚರ್ಚೆಗೆ ಬರುವುದಿಲ್ಲ. ಅವರಂತೂ ತಮ್ಮ ವಿಷಯವನ್ನು ತಾವಾಗಿ ಎತ್ತುವುದೇ ಇಲ್ಲ.

ನಾನೂ ಉಗ್ಗುವವನೇ. ಚಿಕ್ಕಂದಿನಿಂದ ಕೇಳಿಕೊಂಡು ಬಂದ ಬುದ್ಧಿಮಾತುಗಳಲ್ಲಿ ಮುಕ್ಕಾಲು ಪಾಲು ಧೈರ್ಯದ ಕುರಿತೇ ಇದ್ದವು. ‘ಧೈರ್ಯ ತಂದುಕೋ, ಮಾತು ತಾನಾಗಿಯೇ ಬರುತ್ತೆ’ ಎಂದವರೆಲ್ಲ ನನ್ನ ಒಳ್ಳೆಯದನ್ನೇ ಬಯಸಿದವರು. ಆದರೆ ಧೈರ್ಯಕ್ಕೂ ಮಾತಿಗೂ ಇರುವ ನಂಟು ಅವರು ಅಂದುಕೊಂಡ ಹಾಗಿಲ್ಲ. ಅದನ್ನು ತಲೆಕೆಳಗಾಗಿ ತಿಳಿದುಕೊಂಡಿದ್ದರಿಂದಲೇ ಎಷ್ಟೋ ಮಕ್ಕಳು ಬಾಯಿ ಮುಚ್ಚಿಕೊಂಡು ದೊಡ್ಡವರಾಗುತ್ತಿದ್ದಾರೆ. ಹಾಗಾಗಿ ಒಂದೊಂದೇ ತಪ್ಪು ತಿಳಿವಳಿಕೆಯನ್ನು ಇಲ್ಲಿ ಬಿಡಿಸಿ ನೋಡುತ್ತೇನೆ.

ತಪ್ಪು ಕಲ್ಪನೆ: ಹೆದರಿಕೆಯಿಂದ, ಪುಕ್ಕಲು ಸ್ವಭಾವದಿಂದ ಉಗ್ಗು ಬರುತ್ತದೆ.

ವಾಸ್ತವ: ಉಗ್ಗು ಸಾಮಾನ್ಯವಾಗಿ ಶುರುವಾಗುವುದು ಎರಡರಿಂದ ಐದು ವರ್ಷದೊಳಗೆ. ಮಗು ಎರಡು ಮಾತು, ಮೂರು ಮಾತು ಜೋಡಿಸಿ ವಾಕ್ಯ ಕಟ್ಟಲು ಹೊರಟ ಹೊತ್ತು ಅದು. ಆ ವಯಸ್ಸಿನ ಮಗುವಿಗೆ ಸಭಾಕಂಪನ ಎಲ್ಲಿಂದ ಬರಬೇಕು? ತನ್ನ ಮಾತು ಕೇಳಿ ಯಾರಾದರೂ ನಕ್ಕಾರು ಎಂಬ ಅಳುಕೇ ಅದಕ್ಕಿನ್ನೂ ಹುಟ್ಟಿರುವುದಿಲ್ಲ.

ಮಾತಾಡುವಾಗ ನಾವು ಸೆಕೆಂಡಿಗೆ ನಾಲ್ಕೈದು ಅಕ್ಷರ ಉಚ್ಚರಿಸುತ್ತೇವೆ. ಉಸಿರು, ಗಂಟಲಿನ ಧ್ವನಿತಂತು, ನಾಲಿಗೆ, ತುಟಿ, ದವಡೆ ಇವೆಲ್ಲ ಕ್ಷಣವೂ ಹಿಂದುಮುಂದಾಗದಂತೆ ಕೂಡಿ ಕೆಲಸ ಮಾಡಬೇಕು. ಆ ಹೊಂದಾಣಿಕೆಯನ್ನು ನಡೆಸುವ ಮಿದುಳಿನ ಭಾಗಗಳಲ್ಲಿ, ಅದರಲ್ಲೂ ಎಡಗಡೆಯಲ್ಲಿ ಮಾತನ್ನು ಯೋಜಿಸುವ ಜಾಗವನ್ನೂ ಬಾಯಿಯ ಸ್ನಾಯುಗಳನ್ನು ಆಡಿಸುವ ಜಾಗವನ್ನೂ ಬೆಸೆಯುವ ನರತಂತುಗಳಲ್ಲಿ, ಉಗ್ಗುವವರಿಗೂ ಉಳಿದವರಿಗೂ ವ್ಯತ್ಯಾಸ ಇರುವುದನ್ನು ಸ್ಕ್ಯಾನ್ ಅಧ್ಯಯನಗಳು ತೋರಿಸಿವೆ. ಉಗ್ಗು ವಂಶದಲ್ಲಿ ಹರಿದು ಬರುವುದೂ ಉಂಟು. 2010ರಲ್ಲಿ ಅಮೆರಿಕದ ವಿಜ್ಞಾನಿ ಡೆನ್ನಿಸ್ ಡ್ರೇನಾ ಅವರ ತಂಡ ಉಗ್ಗಿಗೆ ಸಂಬಂಧಪಟ್ಟ ಮೂರು ಜೀನ್‌ಗಳನ್ನು ಗುರುತಿಸಿತು. ಆ ಹುಡುಕಾಟಕ್ಕೆ ದಾರಿ ತೋರಿದ್ದು ಪಾಕಿಸ್ತಾನದ ಕೆಲವು ಕುಟುಂಬಗಳು. ರಕ್ತಸಂಬಂಧದಲ್ಲೇ ಮದುವೆಯಾಗುತ್ತಾ ಬಂದ ಆ ಮನೆತನಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಹಲವರು ಉಗ್ಗುತ್ತಿದ್ದರು. ಎಲ್ಲರ ಉಗ್ಗಿಗೂ ಆ ಜೀನ್‌ಗಳೇ ಕಾರಣವೆಂದಲ್ಲ. ಆದರೆ ಮೂಲ ದೇಹದಲ್ಲಿದೆ, ಸ್ವಭಾವದಲ್ಲಿ ಇಲ್ಲ ಎನ್ನುವುದಕ್ಕೆ ಇಷ್ಟು ಸಾಕು.

ಹೆದರಿಕೆ ಬರುವುದು ಆಮೇಲೆ. ಮೊದಲು ಮಾತು ಸಿಕ್ಕಿಕೊಳ್ಳುತ್ತದೆ, ಯಾರೋ ನಗುತ್ತಾರೆ, ಯಾರೋ ಅಣಕಿಸುತ್ತಾರೆ, ಮುಂದಿನ ಸಲ ಬಾಯಿ ತೆರೆಯುವ ಮುಂಚೆಯೇ ಎದೆ ಹೊಡೆದುಕೊಳ್ಳುತ್ತದೆ. ಎದೆ ಹೊಡೆದುಕೊಂಡಷ್ಟೂ ಸ್ನಾಯು ಬಿಗಿಯುತ್ತದೆ, ಬಿಗಿದಷ್ಟೂ ಮಾತು ಸಿಕ್ಕಿಕೊಳ್ಳುತ್ತದೆ. ಹೀಗೆ ಹೆದರಿಕೆ ಉಗ್ಗನ್ನು ಹೆಚ್ಚಿಸುತ್ತದೆ ನಿಜ, ಹುಟ್ಟಿಸುವುದಿಲ್ಲ.

ತಪ್ಪು ಕಲ್ಪನೆ: ಒಬ್ಬನೇ ಇದ್ದಾಗ, ಹಾಡುವಾಗ ಸರಿಯಾಗಿಯೇ ಬರುತ್ತದಲ್ಲ? ಹಾಗಾದರೆ ಬೇಕೆಂದೇ ಮಾಡುತ್ತಾನೆ.

ವಾಸ್ತವ: ಭಜನೆಯಲ್ಲಿ ಎಲ್ಲರ ಜೊತೆ ದನಿ ಸೇರಿಸಿದಾಗ, ತರಗತಿಯಲ್ಲಿ ಒಕ್ಕೊರಲಿನಿಂದ ಪದ್ಯ ಹೇಳುವಾಗ, ನಾಯಿಮರಿಯ ಹತ್ತಿರವೋ ತೊಟ್ಟಿಲ ಕೂಸಿನ ಹತ್ತಿರವೋ ಮಾತಾಡುವಾಗ ಉಗ್ಗುವವರಲ್ಲಿ ಹೆಚ್ಚಿನವರು ಉಗ್ಗುವುದಿಲ್ಲ. ಹಾಡಿನಲ್ಲಿ ಲಯ ಮೊದಲೇ ಗೊತ್ತಾಗಿರುತ್ತದೆ, ಯಾವ ಅಕ್ಷರ ಯಾವಾಗ ಬರಬೇಕೆಂದು ಮಿದುಳು ಹೊಸದಾಗಿ ಲೆಕ್ಕ ಹಾಕಬೇಕಿಲ್ಲ. ಎದುರಿಗೊಬ್ಬ ಮನುಷ್ಯ ಉತ್ತರಕ್ಕೆ ಕಾಯುತ್ತಾ ನಿಂತಾಗಲೇ ತೊಡಕು. ಒಂದು ದಿನ ಸಲೀಸು, ಮರುದಿನ ಒಂದು ಪದಕ್ಕೂ ತತ್ವಾರ. ಈ ಏರಿಳಿತ ಉಗ್ಗಿನ ಸ್ವಭಾವ. ಇದನ್ನು ನಟನೆ ಅನ್ನುವುದಕ್ಕಿಂತ ದೊಡ್ಡ ಅನ್ಯಾಯ ಇನ್ನೊಂದಿಲ್ಲ.

ತಪ್ಪು ಕಲ್ಪನೆ: ನಾಲಿಗೆ ದಪ್ಪ. ಬಜೆ ತೇಯ್ದು ನೆಕ್ಕಿಸಿ, ಬಾಯಲ್ಲಿ ಕಲ್ಲು ಇಟ್ಟುಕೊಂಡು ಓದಿಸಿ, ಸರಿಹೋಗುತ್ತದೆ.

ವಾಸ್ತವ: ಉಗ್ಗುವವರ ನಾಲಿಗೆ ಎಲ್ಲರ ನಾಲಿಗೆಯ ಹಾಗೆಯೇ ಇರುತ್ತದೆ. ನಾಲಿಗೆಯ ಕೆಳಗಿನ ದಾರ ಬಿಗಿಯಾಗಿದ್ದರೆ ಕೆಲವು ಅಕ್ಷರಗಳ ಉಚ್ಚಾರಣೆ ಕೆಟ್ಟೀತು, ಉಗ್ಗು ಬರುವುದಿಲ್ಲ. ಆದ್ದರಿಂದ ಅದನ್ನು ಕತ್ತರಿಸಿದರೆ ಉಗ್ಗು ಹೋಗುವುದೂ ಇಲ್ಲ.

ಬಜೆ ನಮ್ಮ ಬಾಣಂತಿ ಮನೆಗಳ ಹಳೆಯ ಮದ್ದು. ಮಾತು ಸ್ಪಷ್ಟವಾಗಲಿ ಎಂದು ಅಜ್ಜಿಯರು ಪ್ರೀತಿಯಿಂದಲೇ ತೇಯ್ದು ನೆಕ್ಕಿಸುತ್ತಾ ಬಂದಿದ್ದಾರೆ. ಆದರೆ ಅದರಲ್ಲಿ ಬೀಟಾ ಅಸರೋನ್ ಎಂಬ ಅಂಶವಿದೆ. ಅದರ ವಿಷಗುಣದ ಕಾರಣಕ್ಕೆ ಅಮೆರಿಕ 1968ರಲ್ಲೇ ಆಹಾರ ಪದಾರ್ಥಗಳಲ್ಲಿ ಬಜೆಯ ಬಳಕೆಯನ್ನು ನಿಷೇಧಿಸಿತು. ಉಗ್ಗಿಗಂತೂ ಅದರಿಂದ ಪ್ರಯೋಜನವಿಲ್ಲ.

ಬಾಯಲ್ಲಿ ಕಲ್ಲಿಡುವ ಉಪಾಯ ಬಂದದ್ದು ಗ್ರೀಸಿನ ವಾಗ್ಮಿ ಡೆಮಾಸ್ತನೀಸನ ಕಥೆಯಿಂದ. ಅವನು ಬದುಕಿದ್ದದ್ದು ಕ್ರಿಸ್ತಪೂರ್ವ ನಾಲ್ಕನೇ ಶತಮಾನದಲ್ಲಿ, ಜೀವನಚರಿತ್ರೆಕಾರ ಪ್ಲೂಟಾರ್ಕ್ ಆ ಕಥೆ ಬರೆದದ್ದು ನಾನೂರು ವರ್ಷಗಳ ನಂತರ. ಡೆಮಾಸ್ತನೀಸನದು ಉಗ್ಗೋ, ಬರೀ ಉಚ್ಚಾರಣೆಯ ದೋಷವೋ ಎಂಬುದರಲ್ಲಿ ವಿದ್ವಾಂಸರಿಗೇ ಒಮ್ಮತವಿಲ್ಲ. ಇಂಥ ಕಥೆಯನ್ನು ನಂಬಿ ಇಂದಿನ ಮಗುವಿನ ಬಾಯಿಗೆ ಬೆಣಚುಕಲ್ಲು ತುರುಕಿದರೆ ಅದು ಗಂಟಲಲ್ಲಿ ಸಿಕ್ಕಿಕೊಂಡು ಪ್ರಾಣಕ್ಕೇ ಕುತ್ತು ಬಂದೀತು.

ತಪ್ಪು ಕಲ್ಪನೆ: ತಂದೆತಾಯಿ ಗದರಿಸಿದ್ದರಿಂದ, ಅತಿಯಾಗಿ ತಿದ್ದಿದ್ದರಿಂದ ಮಗುವಿಗೆ ಉಗ್ಗು ಅಂಟಿತು.

ವಾಸ್ತವ: ಇದನ್ನು ಒಂದು ಕಾಲದಲ್ಲಿ ದೊಡ್ಡ ತಜ್ಞರೇ ನಂಬಿದ್ದರು. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ವೆಂಡೆಲ್ ಜಾನ್ಸನ್ ಅವರು ಸ್ವತಃ ಉಗ್ಗುತ್ತಿದ್ದವರು. ಮಗುವಿನ ಸಹಜ ತಡವರಿಕೆಗೆ ದೊಡ್ಡವರು ‘ಉಗ್ಗು’ ಎಂದು ಹೆಸರಿಟ್ಟಾಗಲೇ ಉಗ್ಗು ಹುಟ್ಟುತ್ತದೆ ಎಂಬುದು ಅವರ ವಾದ. 1939ರಲ್ಲಿ ಅವರ ಮಾರ್ಗದರ್ಶನದಲ್ಲಿ ಮೇರಿ ಟ್ಯೂಡರ್ ಎಂಬ ವಿದ್ಯಾರ್ಥಿನಿ ಅನಾಥಾಲಯದ 22 ಮಕ್ಕಳ ಮೇಲೆ ಪ್ರಯೋಗ ನಡೆಸಿದರು. ಅವರಲ್ಲಿ ಸರಾಗವಾಗಿ ಮಾತಾಡುತ್ತಿದ್ದ ಕೆಲವು ಮಕ್ಕಳಿಗೆ ‘ನಿನಗೆ ಉಗ್ಗು ಶುರುವಾಗಿದೆ, ಸರಿಯಾಗಿ ಬರುವುದಾದರೆ ಮಾತ್ರ ಮಾತಾಡು’ ಎಂಬ ಅರ್ಥದ ಮಾತುಗಳನ್ನು ತಿಂಗಳುಗಟ್ಟಲೆ ಹೇಳುತ್ತಾ ಹೋದರು.

ಆ ಮಕ್ಕಳು ಉಗ್ಗುವವರಾಗಲಿಲ್ಲ. ಆದರೆ ಮಾತು ಕಡಿಮೆ ಮಾಡಿದರು. ಕೇಳಿದ್ದಕ್ಕೆ ಒಂದು ಪದದ ಉತ್ತರ ಕೊಟ್ಟು ಸುಮ್ಮನಾದರು, ತರಗತಿಯಲ್ಲಿ ಓದಲು ಒಲ್ಲೆ ಎಂದರು, ಮುದುಡಿಕೊಂಡರು. ದಶಕಗಳ ಕಾಲ ಕಪಾಟಿನಲ್ಲಿ ಉಳಿದಿದ್ದ ಈ ವಿಷಯವನ್ನು 2001ರಲ್ಲಿ ಪತ್ರಿಕೆಯೊಂದು ಹೊರಗೆಳೆದಾಗ ವಿಶ್ವವಿದ್ಯಾಲಯ ಕ್ಷಮೆ ಕೇಳಿತು. 2007ರಲ್ಲಿ ಅಯೋವಾ ಸರ್ಕಾರ ಬದುಕುಳಿದಿದ್ದ ಕೆಲವರಿಗೆ ಪರಿಹಾರ ಕೊಡಲು ಒಪ್ಪಿತು.

ನನ್ನನ್ನು ಬಹಳ ಕಾಡಿದ ಪ್ರಕರಣ ಇದು. ಗದರಿಕೆಯಿಂದ ಉಗ್ಗು ಹುಟ್ಟುವುದಿಲ್ಲ ಎಂದು ತಂದೆತಾಯಿಗಳಿಗೆ ಇದರಿಂದ ಸಮಾಧಾನ ಸಿಗಲಿ. ಆದರೆ ನಾಚಿಕೆಯೊಂದೇ ಸಾಕು, ಉಗ್ಗೇ ಇಲ್ಲದ ಮಗುವಿನ ಬಾಯನ್ನೂ ಮುಚ್ಚಿಸುತ್ತದೆ ಎಂಬುದೂ ಇದರಿಂದಲೇ ಗೊತ್ತಾಗುತ್ತದೆ. ಉಗ್ಗುವ ಮಗುವಿಗೆ ಆಗುವ ನಿಜವಾದ ನಷ್ಟ ಮಾತು ತಡೆಯುವುದರಿಂದಲ್ಲ, ಮಾತು ಬಿಡುವುದರಿಂದ.

ತಪ್ಪು ಕಲ್ಪನೆ: ಉಗ್ಗುವವರ ಬುದ್ಧಿ ಮಂದ. ಮಾತಿನ ಕೆಲಸ ಅವರಿಗಲ್ಲ.

ವಾಸ್ತವ: ಚಾರ್ಲ್ಸ್ ಡಾರ್ವಿನ್ ಉಗ್ಗುತ್ತಿದ್ದರು, ಅವರ ಅಜ್ಜ ಇರಾಸ್ಮಸ್ ಡಾರ್ವಿನ್ ಕೂಡ. ಕಂಪ್ಯೂಟರ್ ವಿಜ್ಞಾನಕ್ಕೆ ಅಡಿಪಾಯ ಹಾಕಿದ ಅಲನ್ ಟ್ಯೂರಿಂಗ್ ಉಗ್ಗುತ್ತಿದ್ದರು. ನಮ್ಮ ಪಕ್ಕದ ಕೇರಳದಲ್ಲಿ 1957ರಲ್ಲಿ ಮೊದಲ ಮುಖ್ಯಮಂತ್ರಿಯಾದ ಇ.ಎಂ.ಎಸ್. ನಂಬೂದಿರಿಪಾಡ್ ಬದುಕಿನುದ್ದಕ್ಕೂ ಉಗ್ಗುತ್ತಲೇ ಭಾಷಣ ಮಾಡಿದರು, ಪಕ್ಷ ಕಟ್ಟಿದರು, ಸರ್ಕಾರ ನಡೆಸಿದರು. ರಾಜಕಾರಣಕ್ಕಿಂತ ಹೆಚ್ಚು ಮಾತು ಬೇಡುವ ಕೆಲಸ ಯಾವುದಿದೆ? ಕೇಳಲು ಬಂದವರು ಅವರ ಮಾತಿಗಾಗಿ ಕಾದರು. ಉದ್ಯೋಗದ ಸಂದರ್ಶನ ನಡೆಸುವವರು ಈ ಕೊನೆಯ ಸಂಗತಿಯನ್ನು ಗಮನದಲ್ಲಿಡಬೇಕು. ಅಭ್ಯರ್ಥಿಗೆ ವಿಷಯ ಗೊತ್ತೋ ಇಲ್ಲವೋ ಎಂಬುದಕ್ಕೂ ಮೊದಲ ಪದ ಹೊರಬರಲು ಎಷ್ಟು ಹೊತ್ತು ಹಿಡಿಯಿತು ಎಂಬುದಕ್ಕೂ ಸಂಬಂಧವಿಲ್ಲ.

ತಪ್ಪು ಕಲ್ಪನೆ: ‘ನಿಧಾನಕ್ಕೆ ಹೇಳು, ಉಸಿರು ಎಳ್ಕೊಂಡು ಹೇಳು’ ಎಂದು ನೆನಪಿಸಿದರೆ ಅನುಕೂಲ.

ವಾಸ್ತವ: ಇಲ್ಲ. ನಿಧಾನವಾಗಿ ಮಾತಾಡಿದರೆ ಕೆಲವರಿಗೆ ಉಗ್ಗು ಕಡಿಮೆಯಾಗುವುದು ನಿಜ, ಚಿಕಿತ್ಸಕರು ಅದನ್ನು ಕ್ರಮವಾಗಿ ಕಲಿಸುವುದೂ ಉಂಟು. ಆದರೆ ಮಾತು ಗಂಟಲಲ್ಲಿ ಸಿಕ್ಕಿಕೊಂಡಿರುವ ಹೊತ್ತಿಗೆ ಎದುರಿನವರು ಹೀಗೆಂದರೆ ಉಗ್ಗುವವನಿಗೆ ತಲುಪುವುದು ಒಂದೇ ಸುದ್ದಿ: ನೀನು ಹೇಳುತ್ತಿರುವುದು ಏನೆಂದು ನಾನು ಕೇಳುತ್ತಿಲ್ಲ, ಹೇಗೆ ಹೇಳುತ್ತಿದ್ದೀಯ ಎಂದು ನೋಡುತ್ತಿದ್ದೇನೆ. ಪದವನ್ನು ಊಹಿಸಿ ನೀವೇ ಪೂರ್ತಿ ಮಾಡುವುದೂ ಹಾಗೆಯೇ. ಎಷ್ಟೋ ಸಲ ನೀವು ತಪ್ಪು ಪದ ಹೇಳಿರುತ್ತೀರಿ, ಅದನ್ನು ಅಲ್ಲ ಎನ್ನಲು ಅವನು ಇನ್ನೊಮ್ಮೆ ಉಗ್ಗಬೇಕು. ಕಣ್ಣು ತಪ್ಪಿಸದೆ, ಮುಖ ಹುಳ್ಳಗೆ ಮಾಡದೆ, ಮಾತು ಮುಗಿಯುವವರೆಗೆ ಸುಮ್ಮನೆ ಕಾಯುವುದು ಒಂದೇ ನೀವು ಮಾಡಬಹುದಾದ ಉಪಕಾರ. ಮಗುವಿನ ಹತ್ತಿರವಾದರೆ ಅದಕ್ಕೆ ಹೇಳುವ ಬದಲು ನೀವೇ ಸ್ವಲ್ಪ ಸಾವಕಾಶವಾಗಿ ಮಾತಾಡಿ.

ತಪ್ಪು ಕಲ್ಪನೆ: ದೊಡ್ಡವನಾದ ಮೇಲೆ ತಾನಾಗಿಯೇ ಹೋಗುತ್ತದೆ, ಬಿಡಿ.

ವಾಸ್ತವ: ಇದರಲ್ಲಿ ಅರ್ಧ ಸತ್ಯವಿದೆ, ಅದಕ್ಕೇ ಇದು ಅಪಾಯಕಾರಿ. ಸುಮಾರು ನೂರರಲ್ಲಿ ಐದು ಮಕ್ಕಳು ಎಳವೆಯಲ್ಲಿ ಒಂದಲ್ಲ ಒಂದು ಹಂತದಲ್ಲಿ ಉಗ್ಗುತ್ತಾರೆ, ಅವರಲ್ಲಿ ಮುಕ್ಕಾಲು ಪಾಲು ಮಕ್ಕಳಿಗೆ ಅದು ಹೋಗುತ್ತದೆ. ಉಳಿದ ಕಾಲು ಭಾಗ ಯಾರೆಂದು ಮುಂಚಿತವಾಗಿ ಖಚಿತವಾಗಿ ಹೇಳಲಾಗದು. ಮನೆತನದಲ್ಲಿ ಉಗ್ಗು ಉಳಿದುಕೊಂಡವರಿದ್ದರೆ, ಮೂರೂವರೆ ವರ್ಷ ಕಳೆದ ಮೇಲೆ ಶುರುವಾಗಿದ್ದರೆ, ಆರು ತಿಂಗಳಿನಿಂದ ವರ್ಷದವರೆಗೆ ಇಳಿಯದೆ ಮುಂದುವರಿದಿದ್ದರೆ ಕಾಯುವ ಹಾಗಿಲ್ಲ. ಗಂಡುಮಗುವಾಗಿದ್ದರೆ ಇನ್ನೂ ಎಚ್ಚರ ಬೇಕು, ಏಕೆಂದರೆ ದೊಡ್ಡವರಲ್ಲಿ ಉಗ್ಗುವ ಒಬ್ಬ ಹೆಂಗಸಿಗೆ ಸುಮಾರು ನಾಲ್ಕು ಗಂಡಸರಿರುತ್ತಾರೆ. ಶಾಲೆ ಸೇರುವ ಮುಂಚಿನ ವಯಸ್ಸಿಗೆಂದೇ ಆಸ್ಟ್ರೇಲಿಯಾದಲ್ಲಿ ರೂಪುಗೊಂಡ ಲಿಡ್‌ಕಂಬ್ ಎಂಬ ಚಿಕಿತ್ಸಾಕ್ರಮವಿದೆ. ಅದರಲ್ಲಿ ತಜ್ಞರು ತಂದೆತಾಯಿಗೆ ಕಲಿಸುತ್ತಾರೆ, ತಂದೆತಾಯಿ ಮನೆಯಲ್ಲಿ ದಿನವೂ ಆಟದ ನಡುವೆ ಮಗುವಿನ ಸರಾಗ ಮಾತನ್ನು ಮೆಚ್ಚಿ ಬೆಳೆಸುತ್ತಾರೆ. ಆ ವಯಸ್ಸಿನಲ್ಲಿ ಸಿಗುವ ಫಲ ಹದಿನೈದರ ನಂತರ ಸಿಗುವುದಿಲ್ಲ.

ತಪ್ಪು ಕಲ್ಪನೆ: ಮೊದಲು ಧೈರ್ಯ ಬರಬೇಕು, ಆಮೇಲೆ ಮಾತಾಡಬೇಕು.

ವಾಸ್ತವ: ಉಗ್ಗುವವರ ಬದುಕನ್ನು ಎಲ್ಲಕ್ಕಿಂತ ಹೆಚ್ಚು ಹಾಳು ಮಾಡಿರುವುದು ಈ ನಂಬಿಕೆ. ಇದರ ಬಗ್ಗೆ ಸ್ವಲ್ಪ ಉದ್ದಕ್ಕೆ ಹೇಳಬೇಕು.

ಉಗ್ಗುವವರು ತಪ್ಪಿಸಿಕೊಳ್ಳುವುದರಲ್ಲಿ ನಿಪುಣರಾಗುತ್ತಾರೆ. ‘ಪ’ ಸಿಕ್ಕಿಕೊಳ್ಳುವವನು ‘ಪುಸ್ತಕ’ ಎನ್ನುವ ಕಡೆ ‘ಬುಕ್ಕು’ ಎನ್ನುತ್ತಾನೆ. ಮಸಾಲೆ ದೋಸೆ ತಿನ್ನುವ ಆಸೆಯಿದ್ದರೂ ಕೌಂಟರಿನಲ್ಲಿ ‘ಎರಡು ಇಡ್ಲಿ’ ಎಂದುಬಿಡುತ್ತಾನೆ. ಬಸ್ಸಿನಲ್ಲಿ ಕಂಡಕ್ಟರ್ ಹತ್ತಿರ ಬಂದಾಗ ತನ್ನೂರಿನ ಹೆಸರು ಬಾಯಿಗೆ ಬಾರದೆ ಮುಂದಿನ ಸ್ಟಾಪಿನ ಹೆಸರು ಹೇಳಿ, ಹೆಚ್ಚಿನ ದುಡ್ಡು ಕೊಟ್ಟು, ತನ್ನೂರಲ್ಲೇ ಇಳಿಯುತ್ತಾನೆ. ಇದನ್ನು ನಾನು ಮಾಡಿದ್ದೇನೆ, ನನ್ನಂಥ ಎಷ್ಟೋ ಜನ ಮಾಡಿರುವುದನ್ನು ಕೇಳಿದ್ದೇನೆ. ಫೋನ್ ಬಂದರೆ ಎತ್ತುವುದಿಲ್ಲ, ಆಮೇಲೆ ಮೆಸೇಜ್ ಮಾಡುತ್ತಾನೆ. ಆದರೆ ಸ್ವಂತ ಹೆಸರಿಗೆ ಬದಲಿ ಪದವಿಲ್ಲ. ಅದಕ್ಕೇ ಉಗ್ಗುವವರಲ್ಲಿ ಬಹಳ ಜನಕ್ಕೆ ಎಲ್ಲಕ್ಕಿಂತ ಕಷ್ಟದ ಮಾತು ಅವರವರ ಹೆಸರೇ.

ಪ್ರತಿ ಸಲ ತಪ್ಪಿಸಿಕೊಂಡಾಗಲೂ ಆ ಕ್ಷಣಕ್ಕೆ ನೆಮ್ಮದಿ ಸಿಗುತ್ತದೆ. ಆ ನೆಮ್ಮದಿಯೇ ಹೆದರಿಕೆಗೆ ಮೇವು. ‘ತಪ್ಪಿಸಿಕೊಂಡೆ, ಬಚಾವಾದೆ’ ಎಂದು ಮನಸ್ಸು ಕಲಿಯುತ್ತದೆ, ಅಂದರೆ ಅಲ್ಲಿ ಅಪಾಯವಿತ್ತು ಎಂದು ಖಾತ್ರಿಯಾಗುತ್ತದೆ. ಮುಂದಿನ ಸಲ ಹೆದರಿಕೆ ಇನ್ನೊಂದು ಗೇಣು ಬೆಳೆದಿರುತ್ತದೆ. ಹೀಗಿರುವಾಗ ಧೈರ್ಯ ಬರಲೆಂದು ಕಾಯುತ್ತಾ ಕೂತರೆ ಅದು ಎಂದೂ ಬರುವುದಿಲ್ಲ. ಎದೆ ಹೊಡೆದುಕೊಳ್ಳುತ್ತಿದ್ದರೂ ಬಾಯಿ ತೆರೆದು, ಉಗ್ಗಿ, ಆಮೇಲೂ ಏನೂ ಕೆಡಲಿಲ್ಲ ಎಂದು ಕಂಡುಕೊಂಡ ಮೇಲೆಯೇ ಹೆದರಿಕೆ ಇಳಿಯುವುದು. ಮಾತು ಮುಂದೆ, ಧೈರ್ಯ ಅದರ ಹಿಂದೆ.

ಅಮೆರಿಕದ ಚಾರ್ಲ್ಸ್ ವ್ಯಾನ್ ರೈಪರ್ ಉಗ್ಗಿನ ಚಿಕಿತ್ಸೆಯನ್ನು ಈ ದಾರಿಗೆ ತಂದವರು. ತಾವೂ ಜೀವಮಾನವಿಡೀ ಉಗ್ಗಿದವರು. ಅವರ ಕ್ರಮದಲ್ಲಿ ಉಗ್ಗದೇ ಇರಲು ಕಲಿಸುವುದಿಲ್ಲ, ಸಲೀಸಾಗಿ ಉಗ್ಗಲು ಕಲಿಸುತ್ತಾರೆ. ‘ಪ’ದ ತಡೆಯನ್ನೇ ನೋಡಿ. ಎರಡೂ ತುಟಿ ಅಂಟು ಹಾಕಿದಂತೆ ಬಿಗಿದಿರುತ್ತವೆ, ಹಿಂದೆ ಗಾಳಿ ಒತ್ತುತ್ತಿರುತ್ತದೆ, ಕತ್ತಿನ ನರ ಉಬ್ಬುತ್ತದೆ, ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತದೆ, ಕೆಲವರ ಕಾಲು ನೆಲ ಒದೆಯುತ್ತದೆ. ಆಗ ಇನ್ನೂ ಜೋರಾಗಿ ನೂಕಬೇಕೆಂದು ಅನಿಸುತ್ತದೆ. ಹಾಗೆ ಮಾಡದೆ, ಬಿಗಿತ ಎಲ್ಲಿದೆಯೆಂದು ಗಮನಿಸಿ, ತುಟಿಯನ್ನು ಒಂದು ಎಳೆಯಷ್ಟು ಸಡಿಲಿಸಿ, ಗಾಳಿಯನ್ನು ಮೆಲ್ಲಗೆ ಬಿಟ್ಟು ಪದದೊಳಗೆ ಜಾರಬೇಕು. ಮೊದಮೊದಲು ಪದ ಉಗ್ಗಿ ಮುಗಿದ ಮೇಲೆ ನಿಂತು ಅದೇ ಪದವನ್ನು ಸಡಿಲವಾಗಿ ಮತ್ತೆ ಹೇಳುವುದು. ಅದು ಕೈಗೆ ಹತ್ತಿದ ಮೇಲೆ ಉಗ್ಗುತ್ತಿರುವಾಗಲೇ ನಡುವೆ ಸಡಿಲಿಸುವುದು. ಕೊನೆಗೆ ತಡೆ ಬರುತ್ತದೆ ಎಂಬ ಸೂಚನೆ ಸಿಕ್ಕ ಕೂಡಲೇ ಸಿದ್ಧವಾಗುವುದು. ಓದಲು ಸುಲಭ, ಆದರೆ ಪೋಸ್ಟಾಫೀಸಿನ ಕಿಟಕಿಯ ಮುಂದೆ, ಹಿಂದೆ ಸಾಲು ನಿಂತಿರುವಾಗ ಮಾಡುವುದು ಬಹಳ ಕಷ್ಟ.

ಇದರ ಜೊತೆಗೆ ಬೇಕೆಂದೇ ಉಗ್ಗುವ ಅಭ್ಯಾಸವೂ ಇದೆ. ಅಂಗಡಿಗೆ ಹೋಗಿ, ಸಲೀಸಾಗಿ ಬರುವ ಪದವನ್ನೇ ಬೇಕೆಂದು ತಡವರಿಸಿ, ಎದುರಿನವರ ಕಣ್ಣನ್ನು ನೋಡುತ್ತಾ ಹೇಳಬೇಕು. ಕೇಳಿದವರಿಗೆ ವಿಚಿತ್ರ ಅನಿಸೀತು. ಆದರೆ ಜೀವಮಾನವಿಡೀ ಬಚ್ಚಿಟ್ಟಿದ್ದನ್ನು ತಾನಾಗಿ ಹೊರಗೆ ಇಟ್ಟ ಮೇಲೆ ಬಚ್ಚಿಡುವ ಭಾರ ಇಳಿಯುತ್ತದೆ. ಉಗ್ಗುತ್ತಿದ್ದ ಇನ್ನೊಬ್ಬ ತಜ್ಞ ಜೋಸೆಫ್ ಶೀಹನ್ ಉಗ್ಗನ್ನು ನೀರ್ಗಲ್ಲಿನ ಬೆಟ್ಟಕ್ಕೆ ಹೋಲಿಸಿದ್ದರು. ಕೇಳಿಸುವ ತಡವರಿಕೆ ಮೇಲೆ ಕಾಣುವ ತುದಿ ಮಾತ್ರ, ನೀರಿನ ಕೆಳಗೆ ನಾಚಿಕೆ, ಭಯ, ಪಾಪಪ್ರಜ್ಞೆಗಳ ದೊಡ್ಡ ರಾಶಿ. ಚಿಕಿತ್ಸೆ ಆ ಕೆಳಗಿನ ರಾಶಿಯನ್ನು ಕರಗಿಸಬೇಕು.

ಬ್ರಿಟನ್ನಿನ ಆರನೇ ಜಾರ್ಜ್ ದೊರೆಯ ಕಥೆ 2010ರ ‘ದಿ ಕಿಂಗ್ಸ್ ಸ್ಪೀಚ್’ ಸಿನಿಮಾದಿಂದ ಬಹಳ ಜನಕ್ಕೆ ಗೊತ್ತು. 1925ರ ಅಕ್ಟೋಬರಿನಲ್ಲಿ ವೆಂಬ್ಲಿಯ ಪ್ರದರ್ಶನದ ಸಮಾರೋಪದಲ್ಲಿ, ಆಗಿನ್ನೂ ರಾಜಕುಮಾರನಾಗಿದ್ದ ಅವನ ಭಾಷಣ ಅವನಿಗೂ ಕೇಳಿದವರಿಗೂ ಯಾತನೆಯಾಯಿತು. ಮರುವರ್ಷ ಅವನು ಲಂಡನ್ನಿನಲ್ಲಿ ನೆಲೆಸಿದ್ದ ಆಸ್ಟ್ರೇಲಿಯಾದ ವಾಕ್ ಚಿಕಿತ್ಸಕ ಲಯನೆಲ್ ಲೋಗ್ ಹತ್ತಿರ ಹೋದ. 1927ರಲ್ಲಿ ಕ್ಯಾನ್‌ಬೆರಾದಲ್ಲಿ ಸಂಸತ್ ಭವನ ಉದ್ಘಾಟಿಸಿ ಮಾತಾಡಿದ. 1936ರಲ್ಲಿ ದೊರೆಯಾದ. 1939ರ ಸೆಪ್ಟೆಂಬರ್ 3ರಂದು ಯುದ್ಧ ಘೋಷಣೆಯಾದಾಗ ರೇಡಿಯೋದಲ್ಲಿ ನಾಡನ್ನುದ್ದೇಶಿಸಿ ಮಾತಾಡುವ ಹೊತ್ತಿಗೆ ಲೋಗ್ ಜೊತೆಗಿನ ಅಭ್ಯಾಸ ಶುರುವಾಗಿ ಹದಿಮೂರು ವರ್ಷಗಳಾಗುತ್ತಾ ಬಂದಿದ್ದವು. ಆ ಧ್ವನಿಮುದ್ರಿಕೆ ಈಗಲೂ ಸಿಗುತ್ತದೆ, ಕೇಳಿ. ಪದಗಳ ನಡುವೆ ಉದ್ದುದ್ದ ನಿಲುಗಡೆಗಳಿವೆ. ಅವನು ವಾಸಿಯಾಗಿ ಬಂದು ಮಾತಾಡಲಿಲ್ಲ, ಇದ್ದ ಹಾಗೆಯೇ ಬಂದು ಮಾತಾಡಿದ. ಒಂದು ರಾತ್ರಿಯ ಗೆಲುವಿನ ಹಾಗೆ ಸಿನಿಮಾ ಕಾಣುತ್ತದೆ, ಅದರ ಹಿಂದಿದ್ದದ್ದು ವರ್ಷಗಳ ದಿನನಿತ್ಯದ ದುಡಿಮೆ.

ತಪ್ಪು ಕಲ್ಪನೆ: ಛಲ ಹಿಡಿದು ಅಭ್ಯಾಸ ಮಾಡಿದರೆ ಒಂದು ದಿನ ಉಗ್ಗು ಪೂರ್ತಿ ಹೋಗಲೇಬೇಕು. ಹೋಗದಿದ್ದರೆ ಅಭ್ಯಾಸ ಸಾಲದು ಎಂದರ್ಥ.

ವಾಸ್ತವ: ಛಲ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಯಾವುದಕ್ಕೆ ಛಲ ಎಂಬುದು ಮುಖ್ಯ. ‘ಇನ್ನು ಮುಂದೆ ಒಂದು ಪದವೂ ಸಿಕ್ಕಿಕೊಳ್ಳಬಾರದು’ ಎಂದು ಗುರಿ ಇಟ್ಟುಕೊಂಡವನು ದಿನವೂ ಸೋಲುತ್ತಾನೆ, ಏಕೆಂದರೆ ಅದು ಅವನ ಕೈಯಲ್ಲಿಲ್ಲ. ದೊಡ್ಡವರಿಗೆ ಉಗ್ಗನ್ನು ಬುಡಸಮೇತ ತೆಗೆಯುವ ಚಿಕಿತ್ಸೆ ಇವತ್ತಿಗೂ ಇಲ್ಲ. ಅದಕ್ಕೆಂದೇ ಅಂಗೀಕಾರ ಪಡೆದ ಮಾತ್ರೆಯೂ ಇಲ್ಲ. ಚಿಕಿತ್ಸೆಯಿಂದ ತುಂಬಾ ಸುಧಾರಿಸಿದವರಿಗೂ ಕೆಲವು ತಿಂಗಳ ಮೇಲೆ ಉಗ್ಗು ಮರುಕಳಿಸುವುದು ಸಾಮಾನ್ಯ. ಅದನ್ನು ಸೋಲು ಎಂದು ತಿಳಿದು ಕೈಬಿಟ್ಟವರೇ ಹೆಚ್ಚು.

ಕೈಯಲ್ಲಿರುವ ಗುರಿಗಳು ಬೇರೆ. ಇವತ್ತು ತರಕಾರಿ ಅಂಗಡಿಯಲ್ಲಿ ಬೆರಳು ತೋರಿಸದೆ ಹೆಸರು ಹೇಳಿ ಕೇಳುತ್ತೇನೆ. ಈ ವಾರ ಬಂದ ಫೋನುಗಳನ್ನೆಲ್ಲ ಎತ್ತುತ್ತೇನೆ. ಪದ ಬದಲಿಸುವುದಿಲ್ಲ, ಬಾಯಿಗೆ ಬಂದ ಮೊದಲ ಪದವನ್ನೇ ಉಗ್ಗಿಯಾದರೂ ಹೇಳುತ್ತೇನೆ. ಆಫೀಸಿನ ಮೀಟಿಂಗಿನಲ್ಲಿ ‘ನನಗೆ ಉಗ್ಗಿದೆ, ಸ್ವಲ್ಪ ಸಮಯ ಕೊಡಿ’ ಎಂದು ಶುರುವಿನಲ್ಲೇ ಹೇಳುತ್ತೇನೆ. ಇವುಗಳಲ್ಲಿ ಎಷ್ಟು ಸಲ ಉಗ್ಗಿದಿರಿ ಎಂಬ ಲೆಕ್ಕವೇ ಇಲ್ಲ, ಎಷ್ಟು ಸಲ ಮಾತಾಡಿದಿರಿ ಎಂಬುದಷ್ಟೇ ಲೆಕ್ಕ. ಹೀಗೆ ಗುರಿ ಬದಲಿಸಿಕೊಂಡವರಲ್ಲಿ ಬಹಳ ಜನಕ್ಕೆ ಉಗ್ಗು ಕಡಿಮೆಯೂ ಆಗುತ್ತದೆ. ಆಗದಿದ್ದವರಿಗೂ ಓದು, ಉದ್ಯೋಗ, ಗೆಳೆತನ, ಸಂಸಾರ ಯಾವುದೂ ಅದಕ್ಕಾಗಿ ನಿಲ್ಲುವುದಿಲ್ಲ. ಛಲ ಎಂಬುದರ ಅರ್ಥ ನನಗೆ ಕಂಡಂತೆ ಇದು.

‘ಏಳು ದಿನದಲ್ಲಿ ಉಗ್ಗು ಮಾಯ’ ಎಂದು ಜಾಹೀರಾತು ಕೊಡುವ ಶಿಬಿರಗಳನ್ನು ನಂಬಬೇಡಿ. ಶಿಬಿರದ ಒಳಗೆ, ಎಲ್ಲರೂ ಉಗ್ಗುವವರೇ ಇರುವ ಕಡೆ, ರಾಗ ಎಳೆದು ಮಾತಾಡಿದರೆ ಯಾರಿಗಾದರೂ ಸರಾಗವಾಗುತ್ತದೆ. ಹೊರಗೆ ಬಂದು ವಾರ ಕಳೆದ ಮೇಲೆ ಮಾತು ಮೊದಲಿನ ಹಾಗಾದಾಗ, ದುಡ್ಡಿನ ಜೊತೆಗೆ ಇದ್ದಬದ್ದ ಆತ್ಮವಿಶ್ವಾಸವೂ ಹೋಗಿರುತ್ತದೆ, ತಪ್ಪು ತನ್ನದೇ ಎಂಬ ಕೊರಗು ಉಳಿದಿರುತ್ತದೆ.

ತಪ್ಪು ಕಲ್ಪನೆ: ಇದು ಅವರವರ ಪಾಡು, ಬೇರೆಯವರು ಮಾಡುವುದೇನೂ ಇಲ್ಲ.

ವಾಸ್ತವ: ಧೈರ್ಯ ಉಗ್ಗುವವನದು, ಆದರೆ ಅದಕ್ಕೆ ಜಾಗ ಕೊಡಬೇಕಾದವರು ಉಳಿದವರು. ಮೇಷ್ಟ್ರುಗಳಲ್ಲಿ ನನ್ನದೊಂದು ವಿನಂತಿ: ಉಗ್ಗುವ ಮಗುವನ್ನು ಓದಿಸುವುದರಿಂದ ಪೂರ್ತಿ ಬಿಟ್ಟುಬಿಡಬೇಡಿ, ಅದು ಕರುಣೆಯಲ್ಲ. ಒಂಟಿಯಾಗಿ ಕರೆದು ‘ನಿನಗೆ ಹೇಗೆ ಅನುಕೂಲ, ಮೊದಲು ಓದುತ್ತೀಯೋ, ಪಕ್ಕದವರ ಜೊತೆ ಸೇರಿ ಓದುತ್ತೀಯೋ’ ಎಂದು ಕೇಳಿ. ಸರದಿಗಾಗಿ ಕಾಯುವುದೇ ಅದಕ್ಕೆ ಓದುವುದಕ್ಕಿಂತ ದೊಡ್ಡ ಶಿಕ್ಷೆ. ಅಣಕಿಸುವ ಮಕ್ಕಳನ್ನು ಅಲ್ಲಲ್ಲೇ ತಡೆಯಿರಿ. ಮೌಖಿಕ ಪರೀಕ್ಷೆಯಲ್ಲಿ ಸಮಯ ಹೆಚ್ಚು ಕೊಡಿ.

ಮೈಸೂರಿನ ಮಾನಸಗಂಗೋತ್ರಿಯಲ್ಲಿ ಕೇಂದ್ರ ಆರೋಗ್ಯ ಸಚಿವಾಲಯದ ಅಡಿ 1960ರ ದಶಕದಿಂದ ಕೆಲಸ ಮಾಡುತ್ತಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಕನ್ನಡದಲ್ಲೇ ಪರೀಕ್ಷೆ, ಕನ್ನಡದಲ್ಲೇ ಚಿಕಿತ್ಸೆ ಸಿಗುವ ಇಂಥ ಸಂಸ್ಥೆ ನಮ್ಮ ರಾಜ್ಯದಲ್ಲೇ ಇರುವುದು ನಮ್ಮ ಪುಣ್ಯ. ಬೆಂಗಳೂರು, ಮಂಗಳೂರು, ಮಣಿಪಾಲಗಳಲ್ಲೂ ವಾಕ್ ಚಿಕಿತ್ಸಕರನ್ನು ತಯಾರು ಮಾಡುವ ಕಾಲೇಜುಗಳಿವೆ, ದೊಡ್ಡ ಆಸ್ಪತ್ರೆಗಳ ಕಿವಿ ಮೂಗು ಗಂಟಲು ವಿಭಾಗದಲ್ಲಿ ವಿಚಾರಿಸಿದರೂ ದಾರಿ ತೋರಿಸುತ್ತಾರೆ. ಉಗ್ಗುವವರೇ ಸೇರಿ ಕಟ್ಟಿಕೊಂಡ ‘ದಿ ಇಂಡಿಯನ್ ಸ್ಟ್ಯಾಮರಿಂಗ್ ಅಸೋಸಿಯೇಷನ್’ ಎಂಬ ಸಂಘಟನೆಯಿದೆ. ಉಗ್ಗನ್ನು ಒಪ್ಪಿಕೊಂಡು ಮಾತಾಡುವುದು ಅವರ ದಾರಿ. ಅವರ ಸ್ವಸಹಾಯ ಗುಂಪಿಗೆ ಹೋದರೆ ಯಾರೂ ನಿಮ್ಮ ಮಾತನ್ನು ನಡುವೆ ಪೂರ್ತಿ ಮಾಡುವುದಿಲ್ಲ. ಪ್ರತಿ ವರ್ಷ ಅಕ್ಟೋಬರ್ 22 ಅಂತರರಾಷ್ಟ್ರೀಯ ಉಗ್ಗು ಜಾಗೃತಿ ದಿನ, ಶಾಲೆಗಳಲ್ಲಿ ಆ ದಿನ ಈ ವಿಷಯ ಮಾತಾಡಲು ಒಂದು ಪೀರಿಯಡ್ ಸಾಕು.

ಇದನ್ನು ಓದುತ್ತಿರುವ ನೀವು ಉಗ್ಗುವವರಾಗಿದ್ದರೆ, ಚಿಕಿತ್ಸಕರಿಗೆ ಫೋನ್ ಮಾಡಿ ಸಮಯ ಕೇಳುವುದೇ ಬೆಟ್ಟದಂತೆ ಕಾಣುತ್ತಿರಬಹುದು. ಹಾಗಿದ್ದರೆ ಫೋನ್ ಮಾಡಬೇಡಿ, ನೇರವಾಗಿ ಹೋಗಿ. ಅಲ್ಲಿ ಹೆಸರು ಬರೆಸುವಾಗ ಚೀಟಿ ತೋರಿಸಬೇಡಿ, ಜೊತೆಯಲ್ಲಿ ಬಂದವರ ಬಾಯಲ್ಲಿ ಹೇಳಿಸಬೇಡಿ. ಎಷ್ಟು ಹೊತ್ತಾದರೂ ಆಗಲಿ, ನಿಮ್ಮ ಹೆಸರನ್ನು ನೀವೇ ಹೇಳಿ.